ಸರ್ವರ್ ಶುರುವಾಯಿತು, ಫಲಿತಾಂಶ ಸೊನ್ನೆ: ಸರ್ಚ್ ಸರ್ವರ್ ಕಲಿಯುವವರ ಮೊದಲ ಗಂಟೆಯ ಕುರಿತು

ಚರ್ಚೆ ಆರಂಭಿಸಿದವರು (ಕೈಪಿಡಿ ಬರೆಯುವ ಸ್ವಯಂಸೇವಕ)

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನನ್ನ ಸಹೋದ್ಯೋಗಿಯೊಬ್ಬರು ಮುಕ್ತ ತಂತ್ರಾಂಶದ ಸರ್ಚ್ ಸರ್ವರ್ (ತುಂಬಿಸಿದ ದಾಖಲೆಗಳಲ್ಲಿ ಬೇಕಾದದ್ದನ್ನು ಹುಡುಕಿಕೊಡುವ ತಂತ್ರಾಂಶ) ಒಂದನ್ನು ಮೊದಲ ಸಲ ಬಳಸಲು ಕುಳಿತಾಗ ನಾನು ಅವರ ಪಕ್ಕದಲ್ಲಿ ಕುಳಿತು, ಒಂದು ಮಾತನ್ನೂ ಆಡದೆ ಗಮನಿಸುತ್ತಿದ್ದೆ. ಅವರು ಡೇಟಾಬೇಸ್ ಕೆಲಸದಲ್ಲಿ ಪಳಗಿದವರು. ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡಲು ಅಂಜುವವರಲ್ಲ. ಸರ್ವರ್ ಇಳಿಸಿಕೊಂಡು ಶುರು ಮಾಡಲು ಅವರಿಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ತಮ್ಮದೇ ಪುಸ್ತಕಗಳ ಪಟ್ಟಿಯ ಸುಮಾರು ಮುನ್ನೂರು ಸಾಲುಗಳನ್ನು ಅದರೊಳಗೆ ತುಂಬಿಸಿದರು. ಸರ್ವರ್ ಯಾವ ದೋಷವನ್ನೂ ತೋರಿಸಲಿಲ್ಲ. ಆಮೇಲೆ ವರ್ಗದ ಫೀಲ್ಡ್‌ನಲ್ಲಿ (ಫೀಲ್ಡ್ ಎಂದರೆ ದಾಖಲೆಯ ಒಂದು ಅಂಕಣ) "ವಿಜ್ಞಾನ ಲೇಖನ" ಎಂಬ ಮೌಲ್ಯ ಇರುವ ಪುಸ್ತಕಗಳನ್ನು ಕೇಳಿದರು. ಉತ್ತರ ಬಂದದ್ದು 200 ಎಂಬ ಯಶಸ್ಸಿನ ಸಂಕೇತದೊಂದಿಗೆ, ಫಲಿತಾಂಶಗಳ ಸಂಖ್ಯೆ ಮಾತ್ರ 0.

ಆ ಸೊನ್ನೆಯಿಂದ ಹೊರಬರಲು ಅವರಿಗೆ ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತು ಅವರು ಹುಡುಕಿದ್ದು ತಪ್ಪಾದ ಜಾಗದಲ್ಲಿ. ಡೇಟಾ ಸರಿಯಾಗಿ ಸೇರಿಲ್ಲವೆಂದು ಭಾವಿಸಿ ಇಂಡೆಕ್ಸ್ (ಹುಡುಕಲು ಸರ್ವರ್ ಕಟ್ಟಿಕೊಳ್ಳುವ ಪದಸೂಚಿ) ಅಳಿಸಿ ಮೂರು ಸಲ ಮತ್ತೆ ತುಂಬಿಸಿದರು. ಫೈಲಿನ ಅಕ್ಷರ ಸಂಕೇತೀಕರಣ ಕೆಟ್ಟಿರಬಹುದೆಂದು ಅದನ್ನು ಬದಲಿಸಿ ನೋಡಿದರು. ನಿಜವಾದ ಕಾರಣ ಬಲ್ಲವರಿಗೆ ತೀರಾ ಸರಳ. ಆ ಫೀಲ್ಡ್ ಪಠ್ಯದ ಫೀಲ್ಡ್ ಆಗಿದ್ದುದರಿಂದ "ವಿಜ್ಞಾನ" ಮತ್ತು "ಲೇಖನ" ಎಂಬ ಎರಡು ಬಿಡಿ ಪದಗಳಾಗಿ ಇಂಡೆಕ್ಸ್ ಸೇರಿತ್ತು, ಅವರು ಕೇಳಿದ್ದು ಇಡೀ ಮೌಲ್ಯದ ನಿಖರ ಹೊಂದಿಕೆಯನ್ನು. ಎರಡು ಪದಗಳು ಒಟ್ಟಾಗಿರುವ ನಮೂದು ಇಂಡೆಕ್ಸಿನಲ್ಲಿ ಇರಲೇ ಇಲ್ಲ. ಈ ಸಂಗತಿ ಸರ್ವರಿಗೆ ಗೊತ್ತಿತ್ತು: ಫೀಲ್ಡ್‌ನ ಬಗೆ ಗೊತ್ತು, ಕ್ವೆರಿಯ, ಅಂದರೆ ಹುಡುಕಾಟದ ಕೋರಿಕೆಯ, ಬಗೆ ಗೊತ್ತು, ಇವೆರಡೂ ಒಂದಕ್ಕೊಂದು ಕೂಡುವುದಿಲ್ಲವೆಂದೂ ಗೊತ್ತು. ಆದರೂ ಅದು ಏನೂ ಹೇಳಲಿಲ್ಲ.

ಹೊಸಬರಿಗೆ ಸುಲಭವಾಗಿಸುವುದು ಎಂದಾಗ ನಾವು ಬಹುತೇಕ ಇನ್‌ಸ್ಟಾಲ್ ಮಾಡುವ ಹಂತಗಳನ್ನು ಕಡಿಮೆ ಮಾಡುವುದರ ಬಗ್ಗೆಯೇ ಮಾತನಾಡುತ್ತೇವೆ. ಅದು ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಹೊಸಬರು ಸೋತು ಕೈಬಿಡುವುದು ದತ್ತಾಂಶ ತುಂಬಿಸಿದ ಮೇಲೆ, ತಾವು ಹುಡುಕಿದ್ದು ಸಿಗದೇ ಹೋದಾಗ ಎಂಬುದು ನನ್ನ ಅನುಭವ. ಮೊದಲ ಗಂಟೆಯ ಗುರಿ ಸರ್ವರ್ ಓಡುವುದಲ್ಲ. ತನ್ನದೇ ದತ್ತಾಂಶದಲ್ಲಿ ತಾನು ಹುಡುಕಿದ್ದು ಸಿಕ್ಕಿತು ಎಂಬ ಸಮಾಧಾನ. ಆದ್ದರಿಂದ ಕಲಿಕೆಯ ಹಂತದಲ್ಲಿ ಫಲಿತಾಂಶ ಸೊನ್ನೆಯಾದಾಗ, ತನಗೆ ತಿಳಿದ ಕಾರಣವನ್ನು ಸರ್ವರ್ ಒಂದು ವಾಕ್ಯದಲ್ಲಿ ಹೇಳಬೇಕೆಂಬುದು ನನ್ನ ಮುಖ್ಯ ಪ್ರಸ್ತಾಪ. ಇದನ್ನು ಒಪ್ಪುವವರೂ ಒಪ್ಪದವರೂ ದಯವಿಟ್ಟು ಬರೆಯಿರಿ. ನಿಮ್ಮ ಪಕ್ಕದಲ್ಲಿ ಕುಳಿತು ಕಲಿತವರಿಗೆ ಏನಾಯಿತು ಎಂಬುದನ್ನು ಹೇಳಿದರೆ ಇನ್ನೂ ಒಳ್ಳೆಯದು.

ಉತ್ತರ 1: ಸರ್ವರ್ ನಿರ್ವಹಣೆಯಲ್ಲಿರುವವರು

ತಮ್ಮ ಮುಖ್ಯ ಮಾತನ್ನು ಒಪ್ಪುತ್ತೇನೆ, ಆದರೆ ಇನ್‌ಸ್ಟಾಲ್ ಭಾಗ ಬಗೆಹರಿದಿದೆ ಎಂಬ ಧ್ವನಿಯನ್ನು ಒಪ್ಪಲಾರೆ. ತಮ್ಮ ಸಹೋದ್ಯೋಗಿಯ ಯಂತ್ರದಲ್ಲಿ ಎಲ್ಲವೂ ಮೊದಲೇ ಸರಿಯಾಗಿತ್ತು ಎಂದಷ್ಟೇ ಅದರ ಅರ್ಥ.

ದಾರಿ ಎಷ್ಟೋ ಸವೆದಿದೆ ಎಂಬುದು ನಿಜ. ಸೋಲರ್ ಎಂಬ ಸರ್ಚ್ ಸರ್ವರಿನ 5.0 ಆವೃತ್ತಿ ಬಂದ 2015ರವರೆಗೂ ಅದನ್ನು ವಾರ್ ಫೈಲ್ (ಜಾವಾ ವೆಬ್ ತಂತ್ರಾಂಶದ ಕಟ್ಟು) ಆಗಿ ಬೇರೊಂದು ಜಾವಾ ವೆಬ್ ಸರ್ವರಿನೊಳಗೆ ಇಟ್ಟು ನಡೆಸುವ ರೂಢಿಯಿತ್ತು. ಈಗ ಅದು ತಾನೇ ನಿಂತು ಓಡುವ ತಂತ್ರಾಂಶ. ಇನ್ನೊಂದು ಸರ್ಚ್ ಸರ್ವರ್ ಆದ ಎಲಾಸ್ಟಿಕ್‌ಸರ್ಚ್ 2019ರ 7.0 ಆವೃತ್ತಿಯಿಂದ ಜಾವಾವನ್ನು ತನ್ನೊಂದಿಗೇ ಕೊಡುತ್ತಿರುವುದರಿಂದ, ಯಾವ ಜಾವಾ ಹಾಕಬೇಕೆಂಬ ಪ್ರಶ್ನೆ ಅಲ್ಲಿ ಇಲ್ಲವಾಯಿತು. ಆದರೂ ಲಿನಕ್ಸ್‌ನಲ್ಲಿ ರೂಟ್ ಬಳಕೆದಾರರಾಗಿ (ಎಲ್ಲ ಅಧಿಕಾರವೂ ಇರುವ ಖಾತೆಯಿಂದ) ಶುರು ಮಾಡಲು ಹೋದರೆ ಎಲಾಸ್ಟಿಕ್‌ಸರ್ಚ್ ನಿರಾಕರಿಸುತ್ತದೆ, ಮತ್ತು ಕಲಿಯುವವರಲ್ಲಿ ಅನೇಕರು ಬಾಡಿಗೆಯ ಪುಟ್ಟ ಸರ್ವರಿಗೆ ರೂಟ್ ಆಗಿಯೇ ಒಳಹೋಗಿರುತ್ತಾರೆ. ಹೊರಗಿನ ಜಾಲಕ್ಕೆ ತೆರೆದ ಕೂಡಲೇ ಕರ್ನಲ್‌ನ (ಲಿನಕ್ಸ್‌ನ ತಿರುಳಿನ) ಮೆಮೊರಿ ಮ್ಯಾಪ್ ಮಿತಿಯ ಪರೀಕ್ಷೆ ಎದುರಾಗುತ್ತದೆ. ಲಿನಕ್ಸ್‌ನಲ್ಲಿ ಮೊದಲಿನಿಂದ ಬಂದಿರುವ ಆ ಮೌಲ್ಯ 65530. ಸರ್ವರ್ ಬಹುಕಾಲ ಕೇಳುತ್ತಾ ಬಂದದ್ದು ಕನಿಷ್ಠ 262144. ನಿನ್ನೆಯವರೆಗೆ ಎಚ್ಚರಿಕೆಯಾಗಿ ಮಾತ್ರ ಕಂಡ ಸಾಲು ಇಂದು ಸರ್ವರನ್ನೇ ನಿಲ್ಲಿಸುತ್ತದೆ, ಯಾಕೆಂದರೆ ತನ್ನೊಳಗೇ ಇದ್ದಾಗ ಸಡಿಲವಾಗಿದ್ದ ನಿಯಮ ಹೊರಗೆ ತೆರೆದಾಗ ಬಿಗಿಯಾಗುತ್ತದೆ.

ಆದರೆ ಆ ಸಂದೇಶವನ್ನು ನಾನು ಒಳ್ಳೆಯ ಮಾದರಿಯೆಂದೇ ಕಾಣುತ್ತೇನೆ. ಈಗಿರುವ ಸಂಖ್ಯೆ ಎಷ್ಟು, ಬೇಕಾದದ್ದು ಎಷ್ಟು ಎಂದು ಅದು ಎರಡನ್ನೂ ಒಂದೇ ಸಾಲಿನಲ್ಲಿ ಹೇಳುತ್ತದೆ. ಅದನ್ನು ನೋಡಿದ ಹೊಸಬರು ಏನು ಮಾಡಬೇಕೆಂದು ಹೇಗಾದರೂ ಕಂಡುಕೊಳ್ಳುತ್ತಾರೆ. ತಾವು ಹೇಳಿದ ಸೊನ್ನೆಗೆ ಇಲ್ಲದಿರುವುದು ಇಂಥದ್ದೇ ಒಂದು ಸಾಲು.

ನನಗೆ ಹೆಚ್ಚು ನೋವುಂಟುಮಾಡುವುದು ಡಿಸ್ಕ್‌ನ ಕಥೆ. ಎಲಾಸ್ಟಿಕ್‌ಸರ್ಚ್ ಮತ್ತು ಅದರ ಕವಲಾದ ಓಪನ್‌ಸರ್ಚ್ ಎರಡರಲ್ಲೂ ಡಿಸ್ಕ್ 85 ಶೇಕಡಾ ತುಂಬಿದರೆ ಇಂಡೆಕ್ಸಿನ ಹೊಸ ಭಾಗಗಳನ್ನು ಆ ನೋಡ್‌ಗೆ (ಸರ್ವರ್ ಓಡುವ ಯಂತ್ರಕ್ಕೆ) ಕೊಡುವುದಿಲ್ಲ, 90 ದಾಟಿದರೆ ಇದ್ದವನ್ನು ಬೇರೆಡೆಗೆ ಸಾಗಿಸಲು ನೋಡುತ್ತವೆ, 95 ದಾಟಿದರೆ ಇಂಡೆಕ್ಸನ್ನು ಓದಲು ಮಾತ್ರ ಬಿಟ್ಟು ಬರೆಯುವುದನ್ನು ತಡೆಯುತ್ತವೆ. ಹಲವು ನೋಡ್‌ಗಳ ಕ್ಲಸ್ಟರಿಗೆ ಇದು ವಿವೇಕದ ನಿಯಮ. ಆದರೆ ಕಲಿಯುವವರ ಲ್ಯಾಪ್‌ಟಾಪಿನ ಡಿಸ್ಕ್ ವರ್ಷಗಳ ಚಿತ್ರ, ವಿಡಿಯೋಗಳಿಂದ ತುಂಬಿಕೊಂಡೇ ಇರುತ್ತದೆ. ಅವರ ಇಂಡೆಕ್ಸ್ ಕೆಲವೇ ಮೆಗಾಬೈಟ್ ಇದ್ದರೂ ಬರೆಯಲು ಆಗುವುದಿಲ್ಲ. ಮುನ್ನೂರು ಸಾಲಿನ ಫೈಲಿಗೂ ಇಡೀ ಡಿಸ್ಕಿಗೂ ಏನು ಸಂಬಂಧವೆಂದು ಅವರಿಗೆ ಹೊಳೆಯುವುದೂ ಇಲ್ಲ. ಹಾಗೆಯೇ ಒಂದೇ ನೋಡ್‌ನಲ್ಲಿ ಹೊಸ ಇಂಡೆಕ್ಸ್ ಮಾಡಿದ ಕೂಡಲೇ ಸ್ಥಿತಿ ಹಳದಿ ಎಂದು ಕಾಣುತ್ತದೆ. ಒಂದು ರೆಪ್ಲಿಕಾ (ಇಂಡೆಕ್ಸಿನ ನಕಲು) ಇರಬೇಕೆಂಬುದು ಡೀಫಾಲ್ಟ್, ಅದನ್ನು ಇಡಲು ಎರಡನೆಯ ನೋಡ್ ಇಲ್ಲ, ಅಷ್ಟೇ. ಏನೂ ಕೆಟ್ಟಿಲ್ಲದಿದ್ದರೂ ಕೆಟ್ಟಿದೆಯೆಂದು ಹೊಸಬರು ರಾತ್ರಿಯೆಲ್ಲ ತಲೆ ಕೆಡಿಸಿಕೊಂಡದ್ದನ್ನು ನಾನು ಕಂಡಿದ್ದೇನೆ.

ಉತ್ತರ 2: ಆರು ತಿಂಗಳಿಂದ ಕಲಿಯುತ್ತಿರುವವರು

ಮೇಲಿನ ಇಬ್ಬರಿಗೂ ಧನ್ಯವಾದ. ಹಳದಿ ಬಣ್ಣದ ಕಾರಣ ನನಗೆ ತಿಳಿದದ್ದು ಈ ಉತ್ತರ ಓದಿದ ಮೇಲೆಯೇ.

ನನ್ನ ತೊಂದರೆ ಇನ್ನೊಂದು ಬಗೆಯದು. ನಾನು ಹಿಡಿದುಕೊಂಡ ಪಾಠ ಹಳೆಯದು ಎಂದು ನನಗೆ ಯಾರೂ ಹೇಳಲಿಲ್ಲ. ಪಾಠದ ಮೇಲೆ ಆವೃತ್ತಿಯ ಸಂಖ್ಯೆಯೂ ಇರಲಿಲ್ಲ. ಅದರಲ್ಲಿದ್ದ ಕಮಾಂಡ್‌ಗಳನ್ನು ಅಕ್ಷರ ಬಿಡದೆ ನಕಲು ಮಾಡಿದರೂ ಒಂದೊಂದಾಗಿ ದೋಷ ಬರುತ್ತಿತ್ತು. ಒಂದು ಕಡೆ ಹೆಡರ್ (ದತ್ತಾಂಶದ ಜೊತೆ ಹೋಗುವ, ಅದರ ಬಗೆ ಹೇಳುವ ಸಾಲು) ಇಲ್ಲವೆಂದು, ಇನ್ನೊಂದು ಕಡೆ ಅಂಥ ಬಗೆಯ ಫೀಲ್ಡ್ ಇಲ್ಲವೆಂದು. ಕೊನೆಗೆ ಹಲವು ದಾಖಲೆಗಳನ್ನು ಒಟ್ಟಿಗೆ ಕಳುಹಿಸುವ ಕಮಾಂಡ್‌ನಲ್ಲಿ ಕೊನೆಯ ಸಾಲಿನ ನಂತರ ಹೊಸ ಸಾಲಿನ ಗುರುತು ಇರಬೇಕೆಂಬ ದೋಷ ಬಂತು. ನನ್ನ ಫೈಲಿನಲ್ಲಿ ಅದು ಕಣ್ಣಿಗೆ ಕಾಣುವಂತೆಯೇ ಇತ್ತು. ಇಂಥ ಹೊತ್ತಿನಲ್ಲಿ ತಪ್ಪು ನನ್ನದೇ, ಈ ವಿದ್ಯೆ ನನಗೆ ಒಗ್ಗುವುದಿಲ್ಲ ಎಂದೇ ಅನಿಸುತ್ತದೆ. ಪಾಠವೇ ಹಳೆಯದಾಗಿರಬಹುದು ಎಂಬ ಅನುಮಾನ ಬರಲು ವಿಷಯದ ಪರಿಚಯ ಸ್ವಲ್ಪವಾದರೂ ಇರಬೇಕು, ನಮಗೆ ಇಲ್ಲದಿರುವುದು ಅದೇ.

ಉತ್ತರ 3: ಕೋಡ್ ಕೊಡುಗೆ ನೀಡುವವರು

ಉತ್ತರ 2 ಬರೆದವರಿಗೆ ಮೊದಲು ಹೇಳುತ್ತೇನೆ: ತಪ್ಪು ನಿಮ್ಮದಲ್ಲ. ಸರ್ವರಿಗೆ ಕೋರಿಕೆ ಕಳುಹಿಸುವ ಕರ್ಲ್ ಎಂಬ ಕಮಾಂಡ್‌ಗೆ ದತ್ತಾಂಶದ ಫೈಲನ್ನು ಸಾಮಾನ್ಯ ಆಯ್ಕೆಯಲ್ಲಿ ಕೊಟ್ಟರೆ ಅದು ಹೊಸ ಸಾಲಿನ ಗುರುತುಗಳನ್ನು ತೆಗೆದುಹಾಕಿ ಕಳುಹಿಸುತ್ತದೆ. ಹಾಗಾಗಿ ನಿಮ್ಮ ಫೈಲಿನಲ್ಲಿ ಇದ್ದದ್ದು ಸರ್ವರಿಗೆ ತಲುಪಲೇ ಇಲ್ಲ. ಫೈಲನ್ನು ಇದ್ದಂತೆಯೇ ಕಳುಹಿಸುವ ಬೈನರಿ ಆಯ್ಕೆಯನ್ನು ಬಳಸಿ. ಸರ್ವರಿನ ದೂರು ನಿಜ, ನಿಮ್ಮ ಫೈಲೂ ಸರಿ, ನಡುವಿನ ಸಾಧನ ಮಾಡಿದ ಬದಲಾವಣೆ ಇಬ್ಬರಿಗೂ ಕಾಣದು. ದೋಷದ ಸಂದೇಶದಲ್ಲೇ ಇನ್ನೊಂದು ವಾಕ್ಯ ಸೇರಿಸಿದರೆ ಈ ಪ್ರಶ್ನೆ ಎಲ್ಲೆಡೆ ಮತ್ತೆ ಮತ್ತೆ ಬರುವುದು ನಿಲ್ಲುತ್ತದೆ.

ಹಳೆಯ ಪಾಠಗಳ ವಿಷಯದಲ್ಲಿ ಎಲಾಸ್ಟಿಕ್‌ಸರ್ಚ್‌ನ ಉದಾಹರಣೆ ಹೇಳುವುದಾದರೆ, 2016ರ 5.0ರಲ್ಲಿ ಸ್ಟ್ರಿಂಗ್ ಎಂಬ ಬಗೆಯನ್ನು ಪಠ್ಯಕ್ಕೆ ಟೆಕ್ಸ್ಟ್, ಇಡೀ ಮೌಲ್ಯಕ್ಕೆ ಕೀವರ್ಡ್ ಎಂದು ಎರಡಾಗಿ ಒಡೆದರು. 6.0ರಿಂದ ಕಳುಹಿಸುವ ದತ್ತಾಂಶ ಜೇಸನ್ (ದತ್ತಾಂಶ ಬರೆಯುವ ಒಂದು ಪಠ್ಯ ರೂಪ) ಎಂದು ಹೆಡರ್‌ನಲ್ಲಿ ಹೇಳದಿದ್ದರೆ 406 ಎಂಬ ದೋಷ ಬರುತ್ತದೆ. ಇಂಡೆಕ್ಸಿನೊಳಗಿನ ಟೈಪ್ ಎಂಬ ಮಟ್ಟವನ್ನೇ ಮುಂದಿನ ಆವೃತ್ತಿಗಳಲ್ಲಿ ಹಂತಹಂತವಾಗಿ ತೆಗೆದರು. ಪ್ರತಿಯೊಂದಕ್ಕೂ ಒಳ್ಳೆಯ ಕಾರಣವಿತ್ತು, ಮತ್ತು ಪ್ರತಿಯೊಂದೂ ಅದುವರೆಗಿನ ಅಸಂಖ್ಯ ಪಾಠಗಳನ್ನು ಕೆಡಿಸಿತು. ತೆಗೆದುಹಾಕಿದ ಸೌಲಭ್ಯವನ್ನು ಯಾರಾದರೂ ಕೇಳಿದಾಗ "ಅಂಥದ್ದು ಇಲ್ಲ" ಎನ್ನುವ ಬದಲು "ಇದು ಇಂಥ ಆವೃತ್ತಿಯವರೆಗೆ ಇತ್ತು, ಈಗ ಹೀಗೆ ಬರೆಯಿರಿ" ಎಂದು ಹೇಳುವುದು ನಮ್ಮಂಥ ಕೊಡುಗೆದಾರರ ಕೆಲಸವೆಂದು ನಾನು ನಂಬುತ್ತೇನೆ.

ಇನ್ನು ಮೂಲ ಪ್ರಸ್ತಾಪಕ್ಕೆ ಬರುತ್ತೇನೆ. ಅದನ್ನು ಓದಿದ ಕೂಡಲೇ ನನಗೆ ಬಂದದ್ದು ವಿರೋಧವೇ. ಸರ್ವರಿನ ಉತ್ತರವನ್ನು ಓದುವುದು ಹೆಚ್ಚಾಗಿ ಇನ್ನೊಂದು ಪ್ರೋಗ್ರಾಂ. ಸೆಕೆಂಡಿಗೆ ನೂರಾರು ಕ್ವೆರಿ ಬರುವಲ್ಲಿ ಪ್ರತಿ ಸೊನ್ನೆಗೂ ಕಾರಣ ಹುಡುಕಿ ವಾಕ್ಯ ಬರೆಯುತ್ತಾ ಕುಳಿತರೆ ಅದಕ್ಕೆ ತಗಲುವ ಬೆಲೆಯೂ ಇದೆ. ಸೊನ್ನೆ ಎಂಬುದು ಎಷ್ಟೋ ಸಲ ಸರಿಯಾದ ಉತ್ತರವೇ ಆಗಿರುತ್ತದೆ ಎಂಬುದನ್ನೂ ಮರೆಯಬಾರದು.

ಆದರೆ ಎರಡು ದಿನ ಯೋಚಿಸಿದ ಮೇಲೆ ನನ್ನ ವಿರೋಧ ಸಡಿಲವಾಗಿದೆ. ಹಳತಾಗುತ್ತಿರುವ ಸೌಲಭ್ಯವನ್ನು ಬಳಸಿದರೆ ಎಲಾಸ್ಟಿಕ್‌ಸರ್ಚ್ ಈಗಾಗಲೇ ಉತ್ತರದ ಹೆಡರ್‌ನಲ್ಲಿ ಒಂದು ಎಚ್ಚರಿಕೆಯನ್ನು ಕಳುಹಿಸುತ್ತದೆ. ಅಂದರೆ ಸರ್ವರ್ ಮನುಷ್ಯರಿಗೆ ಮಾತು ಹೇಳುವ ದಾರಿ ಇದೆ. ಆದರೆ ಕರ್ಲ್ ಬಳಸುವ ಹೊಸಬರಿಗೆ ಹೆಡರ್ ಕಾಣುವುದೇ ಇಲ್ಲ, ಅದಕ್ಕೆ ಬೇರೆ ಆಯ್ಕೆ ಕೊಡಬೇಕು. ಎಚ್ಚರಿಕೆ ಹೊರಡುತ್ತದೆ, ಯಾರಿಗೆ ಬೇಕೋ ಅವರನ್ನೇ ಅದು ತಲುಪುವುದಿಲ್ಲ. ಆದ್ದರಿಂದ ಕಲಿಕೆಯ ಸ್ಥಿತಿ ಎಂಬ ಒಂದು ಆಯ್ಕೆಯಿದ್ದು, ಆಗ ಮಾತ್ರ, ಫಲಿತಾಂಶ ಸೊನ್ನೆಯಾದಾಗ ಮಾತ್ರ, ಉತ್ತರದ ಒಡಲಿನಲ್ಲೇ ಸುಳಿವು ಬರುವುದಾದರೆ ನಾನು ಒಪ್ಪುತ್ತೇನೆ.

ಒಂದು ಸೊನ್ನೆಗೆ ಇನ್ನೊಂದು ಕಾರಣವನ್ನೂ ಸೇರಿಸಬೇಕು. ಸೋಲರ್‌ನಲ್ಲಿ ದಾಖಲೆ ಸೇರಿಸಿದರೂ ಕಮಿಟ್ ಆಗಿ (ಬರೆದದ್ದು ಖಾಯಂ ಆಗಿ) ಹೊಸ ಸರ್ಚರ್ (ಇಂಡೆಕ್ಸನ್ನು ಓದಿ ಹುಡುಕುವ ಭಾಗ) ತೆರೆಯುವವರೆಗೆ ಅದು ಹುಡುಕಾಟಕ್ಕೆ ಸಿಗುವುದಿಲ್ಲ. ಡಿಸ್ಕಿಗೆ ಬರೆದಾಯಿತು ಎಂಬುದೂ ಹುಡುಕಿದರೆ ಕಾಣುತ್ತದೆ ಎಂಬುದೂ ಅಲ್ಲಿ ಬೇರೆ ಬೇರೆ ಸಂಗತಿಗಳು. ಎಲಾಸ್ಟಿಕ್‌ಸರ್ಚ್‌ನಲ್ಲಿ ಹೊಸ ದಾಖಲೆಗಳನ್ನು ಹುಡುಕಾಟಕ್ಕೆ ತೆರೆಯುವ ಕೆಲಸ, ಅಂದರೆ ರಿಫ್ರೆಶ್, ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ನಡೆಯುತ್ತದೆ, ಆದ್ದರಿಂದ ಕೈಯಿಂದ ಟೈಪ್ ಮಾಡುವವರಿಗೆ ಗೊತ್ತಾಗುವುದಿಲ್ಲ, ಸ್ಕ್ರಿಪ್ಟ್ ಬರೆದು ತುಂಬಿಸಿ ಮರುಕ್ಷಣವೇ ಹುಡುಕುವವರಿಗೆ ಗೊತ್ತಾಗುತ್ತದೆ. "ಇನ್ನೂ ತೆರೆಯದ 312 ದಾಖಲೆಗಳಿವೆ" ಎಂದು ಸರ್ವರ್ ಹೇಳಿಬಿಟ್ಟರೆ ಪ್ರಶ್ನೆಯೇ ಮುಗಿಯಿತು.

ಉತ್ತರ 4: ಭದ್ರತೆಯ ಕೆಲಸ ಮಾಡುವವರು

"ಕಲಿಕೆಯ ಸ್ಥಿತಿ" ಎಂಬ ಮಾತು ಬಂದಿರುವುದರಿಂದ ಒಂದು ಎಚ್ಚರಿಕೆ ಹೇಳಲೇಬೇಕು. ಸುಲಭವಾಗಿಸುವುದು ಎಂಬ ಹೆಸರಿನಲ್ಲಿ ಬಾಗಿಲು ತೆರೆದಿಡುವುದನ್ನು ಈ ಕ್ಷೇತ್ರ ಒಮ್ಮೆ ಮಾಡಿ ಅನುಭವಿಸಿದೆ. ಎಲಾಸ್ಟಿಕ್‌ಸರ್ಚ್ ಬಹುಕಾಲ ಪಾಸ್‌ವರ್ಡ್ ಇಲ್ಲದೆಯೇ ಶುರುವಾಗುತ್ತಿತ್ತು, ಕಲಿತವರು ಅದನ್ನೇ ಅಂತರ್ಜಾಲಕ್ಕೆ ತೆರೆದಿಟ್ಟರು, ಮತ್ತು 2017ರ ಜನವರಿಯಲ್ಲಿ ದಾಳಿಕೋರರು ಅಂಥ ಸಾವಿರಾರು ಕ್ಲಸ್ಟರ್‌ಗಳ ದತ್ತಾಂಶವನ್ನು ಅಳಿಸಿ ಒತ್ತೆಹಣದ ಚೀಟಿ ಬಿಟ್ಟು ಹೋದರು. ಮೂಲ ಭದ್ರತಾ ಸೌಲಭ್ಯಗಳು ಉಚಿತವಾದದ್ದು 2019ರ ಮೇ ತಿಂಗಳಲ್ಲಿ. ಅವು ಡೀಫಾಲ್ಟ್ ಆಗಿ ಜಾರಿಗೆ ಬಂದದ್ದು 2022ರ ಫೆಬ್ರವರಿಯ 8.0ರಲ್ಲಿ.

ಅದರಿಂದ ಹೊಸಬರಿಗೆ ಹೊಸ ತೊಡಕು ಬಂತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಮೊದಲ ಸಲ ಶುರುವಾದಾಗ ಪಾಸ್‌ವರ್ಡ್ ಪರದೆಯ ಮೇಲೆ ಮೂಡುತ್ತದೆ, ಅದರ ಮೇಲೆ ಲಾಗ್ ಸಾಲುಗಳು ಉರುಳುತ್ತಾ ಹೋದರೆ ಗಮನಿಸದವರಿಗೆ ಅದು ಕೈತಪ್ಪಿಹೋಗುತ್ತದೆ. ಮತ್ತೆ ಹೊಸದನ್ನು ಪಡೆಯುವ ಸಾಧನ ಇದೆಯೆಂದು ಅವರಿಗೆ ಗೊತ್ತಿರುವುದಿಲ್ಲ. ಹಳೆಯ ಪಾಠ ನೋಡಿ ಎಚ್‌ಟಿಟಿಪಿ ಎಂದು 9200 ಪೋರ್ಟಿಗೆ ಕೇಳಿದರೆ ಕರ್ಲ್‌ಗೆ ಖಾಲಿ ಉತ್ತರ ಬರುತ್ತದೆ. ಎಚ್‌ಟಿಟಿಪಿಎಸ್ ಬಳಸಬೇಕೆಂಬ ವಿವರ ಸಿಗುವುದು ಸರ್ವರಿನ ಲಾಗ್‌ನಲ್ಲಿ, ಹೊಸಬರು ನೋಡುತ್ತಿರುವುದು ಇನ್ನೊಂದು ಕಿಟಕಿಯನ್ನು.

ಇದಕ್ಕೆ ಪರಿಹಾರ ಪಾಸ್‌ವರ್ಡ್ ತೆಗೆಯುವುದಲ್ಲ. ಸೋಲರ್ 9.0ರಿಂದ ಡೀಫಾಲ್ಟ್ ಆಗಿ ತನ್ನ ಯಂತ್ರದೊಳಗಿನ ವಿಳಾಸವಾದ 127.0.0.1ಕ್ಕೆ ಮಾತ್ರ ಉತ್ತರಿಸುತ್ತದೆ. ಮೇಲಿಸರ್ಚ್ ಎಂಬ ಸಣ್ಣ ಸರ್ಚ್ ಸರ್ವರಿನಲ್ಲಿ ಅಭಿವೃದ್ಧಿ ಮತ್ತು ಬಳಕೆ ಎಂಬ ಎರಡು ಸ್ಥಿತಿಗಳಿವೆ. ಮೊದಲನೆಯದರಲ್ಲಿ ಕೀಲಿ ಇಲ್ಲದೆ ಕೆಲಸ ಮಾಡಬಹುದು, ಎರಡನೆಯದರಲ್ಲಿ ಕನಿಷ್ಠ 16 ಬೈಟ್ ಉದ್ದದ ಕೀಲಿ ಕೊಡದಿದ್ದರೆ ಶುರುವಾಗುವುದೇ ಇಲ್ಲ. ಕಲಿಯುವವರು ತಮ್ಮ ಮೇಜಿನ ಮೇಲೆ ನಿಶ್ಚಿಂತೆಯಿಂದ ಆಡಲಿ, ಹೊರಗೆ ತೆರೆಯಲು ಹೊರಟ ಗಳಿಗೆಯಲ್ಲಿ ಮಾತ್ರ ಸರ್ವರ್ ತಡೆದು ಕೇಳಲಿ. ನಿಮ್ಮ ಸುಳಿವಿನ ವ್ಯವಸ್ಥೆಯೂ ಹೀಗೆಯೇ ಇರಬೇಕು, ಯಾಕೆಂದರೆ "ಈ ಫೀಲ್ಡ್‌ನಲ್ಲಿ ಇಂಥ ಪದಗಳಿವೆ" ಎಂದು ಹೇಳುವ ಸುಳಿವು ಹೊರಗಿನವರ ಕೈಗೆ ಸಿಕ್ಕರೆ ಅದು ದತ್ತಾಂಶದ ಸೋರಿಕೆಯೇ.

ಉತ್ತರ 5: ತರಗತಿಗಳಲ್ಲಿ ಕಲಿಸುವವರು

ಇಲ್ಲಿಯವರೆಗಿನ ಮಾತೆಲ್ಲ ಸರ್ವರ್ ಏನು ಹೇಳಬೇಕೆಂಬುದರ ಬಗ್ಗೆ. ಅದು ಹೇಳಿದ್ದನ್ನು ಗ್ರಹಿಸಲು ಕಲಿಯುವವರ ಮನಸ್ಸಿನಲ್ಲಿ ಒಂದು ಚಿತ್ರ ಇರಬೇಕು. ನನ್ನ ತರಗತಿಯಲ್ಲಿ ಮೊದಲ ಇಪ್ಪತ್ತು ನಿಮಿಷ ಕಂಪ್ಯೂಟರ್ ತೆರೆಯುವುದಿಲ್ಲ. ಮೂರು ಚಿಕ್ಕ ವಾಕ್ಯಗಳನ್ನು ಹಲಗೆಯ ಮೇಲೆ ಬರೆದು 1, 2, 3 ಎಂದು ಸಂಖ್ಯೆ ಕೊಡುತ್ತೇನೆ. ವಿದ್ಯಾರ್ಥಿಗಳು ಪ್ರತಿ ಪದವನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಅದು ಯಾವ ವಾಕ್ಯಗಳಲ್ಲಿದೆ ಎಂಬ ಸಂಖ್ಯೆಗಳನ್ನು ಕೆಳಗೆ ಬರೆಯಬೇಕು. ಆಮೇಲೆ ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿ, ಹಲಗೆಯನ್ನು ಒರೆಸಿಬಿಟ್ಟು, "ಪುಸ್ತಕ ಎಂಬ ಪದ ಯಾವ ವಾಕ್ಯದಲ್ಲಿದೆ?" ಎಂದು ಕೇಳುತ್ತೇನೆ. ಅವರ ಕೈಯಲ್ಲಿರುವುದು "ಪುಸ್ತಕಗಳಲ್ಲಿ" ಎಂಬ ಚೀಟಿ. "ಪುಸ್ತಕ" ಎಂಬ ಚೀಟಿ ಇಲ್ಲ. ಅಲ್ಲಿ ಬರುವ ಮೌನವೇ ಸರ್ವರಿನ ಸೊನ್ನೆ.

ಇಷ್ಟಾದ ಮೇಲೆ ಸೋಲರ್‌ನ ನಿರ್ವಹಣಾ ಪುಟದಲ್ಲಿರುವ ಅನಾಲಿಸಿಸ್ ಪರದೆಯನ್ನು ತೋರಿಸುತ್ತೇನೆ. ಎಡಗಡೆ ಇಂಡೆಕ್ಸ್ ಆಗುವ ಪಠ್ಯ, ಬಲಗಡೆ ಹುಡುಕುವ ಪಠ್ಯ ಹಾಕಿದರೆ ಪ್ರತಿ ಹಂತದಲ್ಲೂ ಪದಗಳು ಹೇಗೆ ಬದಲಾಗುತ್ತವೆ ಎಂಬುದು ಸಾಲುಸಾಲಾಗಿ ಕಾಣುತ್ತದೆ. ಪಠ್ಯವನ್ನು ಪದಗಳಾಗಿ ಒಡೆಯುವ ಸಾಮಾನ್ಯ ಅನಲೈಜರ್ "ಪುಸ್ತಕಗಳಲ್ಲಿ" ಎಂಬುದನ್ನು ಇಡಿಯಾಗಿ ಒಂದೇ ಪದವಾಗಿ ಉಳಿಸುವುದನ್ನು ಅವರು ಕಣ್ಣಾರೆ ನೋಡುತ್ತಾರೆ. ಎಲಾಸ್ಟಿಕ್‌ಸರ್ಚ್‌ನಲ್ಲೂ ಇದೇ ಕೆಲಸಕ್ಕೆ ಅನಲೈಜ್ ಎಂಬ ಕರೆ ಇದೆ. ಇಷ್ಟು ಉಪಯುಕ್ತವಾದದ್ದನ್ನು ನಮ್ಮ ಆರಂಭಿಕ ಪಾಠಗಳು ಏಕೆ ಕೊನೆಯ ಅಧ್ಯಾಯಕ್ಕೆ ತಳ್ಳುತ್ತವೆ ಎಂಬುದು ನನಗೆ ಅರ್ಥವಾಗಿಲ್ಲ. ಕ್ಲಸ್ಟರ್, ಶಾರ್ಡ್ (ಇಂಡೆಕ್ಸಿನ ತುಂಡು), ರೆಪ್ಲಿಕಾಗಳನ್ನು ಮೊದಲ ಪುಟದಲ್ಲೇ ವಿವರಿಸುತ್ತೇವೆ, ಒಂದೇ ಲ್ಯಾಪ್‌ಟಾಪಿನಲ್ಲಿ ಮುನ್ನೂರು ಸಾಲು ಇಟ್ಟುಕೊಂಡವರಿಗೆ ಅವು ಯಾವುವೂ ಆ ದಿನ ಬೇಕಿಲ್ಲ.

ಇನ್ನೊಂದು ಮಾತು. ತಂತ್ರಾಂಶದೊಂದಿಗೆ ಬರುವ ಸಿದ್ಧ ಮಾದರಿ ದತ್ತಾಂಶದಿಂದ ಶುರು ಮಾಡುವುದು ಒಳ್ಳೆಯದೇ, ಆದರೆ ಅಲ್ಲೇ ಹೆಚ್ಚು ಹೊತ್ತು ಇರಿಸಬಾರದು. ಮಾದರಿಯಲ್ಲಿ ಎಲ್ಲವೂ ಸರಿಯಾಗಿಯೇ ಸಿಗುವಂತೆ ಸ್ಕೀಮಾ (ಯಾವ ಫೀಲ್ಡ್ ಯಾವ ಬಗೆಯದೆಂಬ ವಿವರ) ಮೊದಲೇ ಸಿದ್ಧವಾಗಿರುತ್ತದೆ. ಕಲಿಕೆ ಆರಂಭವಾಗುವುದು ತಮ್ಮದೇ ಫೈಲ್ ಹಾಕಿ, ಏನೋ ಸಿಗದೆ ಹೋದಾಗ.

ಉತ್ತರ 6: ಕೋಡ್ ಕೊಡುಗೆ ನೀಡುವವರು

ಸ್ಕೀಮಾ ಎಂದ ಕೂಡಲೇ ಈ ಚರ್ಚೆಯಲ್ಲಿ ಇನ್ನೂ ಬಾರದ ಒಂದು ವಿಷಯ ನೆನಪಾಯಿತು. ಹೊಸಬರಿಗೆ ಅನುಕೂಲವಾಗಲೆಂದೇ ಮಾಡಿದ, ಆದರೆ ನನ್ನ ಅಭಿಪ್ರಾಯದಲ್ಲಿ ಅವರಿಗೇ ಹೆಚ್ಚು ತೊಂದರೆ ಕೊಡುವ ಸೌಲಭ್ಯವೆಂದರೆ ಫೀಲ್ಡ್‌ನ ಬಗೆಯನ್ನು ಮೊದಲ ಮೌಲ್ಯ ನೋಡಿ ಊಹಿಸುವುದು. ಸೋಲರ್‌ನ ಡೀಫಾಲ್ಟ್ ಸಂರಚನೆ ಹೀಗೆ ಮಾಡುತ್ತದೆ, ಮತ್ತು ನಿಜವಾದ ಬಳಕೆಗೆ ಇದನ್ನು ನಂಬಬೇಡಿ ಎಂದು ಅದರ ಕೈಪಿಡಿಯೇ ಹೇಳುತ್ತದೆ. ಪುಸ್ತಕದ ಕಪಾಟಿನ ಸಂಖ್ಯೆ ಮೊದಲ ಸಾಲಿನಲ್ಲಿ 104 ಎಂದಿದ್ದರೆ ಆ ಫೀಲ್ಡ್ ಪೂರ್ಣಾಂಕವಾಗುತ್ತದೆ. ಇನ್ನೂರನೆಯ ಸಾಲಿನಲ್ಲಿ "104ಅ" ಬಂದಾಗ ದೋಷ. ಅಷ್ಟರಲ್ಲಿ ಬಗೆ ನಿಶ್ಚಯವಾಗಿಹೋಗಿದೆ, ಬದಲಿಸಬೇಕೆಂದರೆ ಎಲ್ಲವನ್ನೂ ಮತ್ತೆ ಇಂಡೆಕ್ಸ್ ಮಾಡಬೇಕು.

ಹಾಗೆಂದು ಊಹೆಯನ್ನು ಪೂರ್ತಿ ತೆಗೆದುಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ. 2010ರಲ್ಲಿ ಎಲಾಸ್ಟಿಕ್‌ಸರ್ಚ್ ಮೊದಲ ಬಾರಿ ಬಂದಾಗ ಜನ ಅದರತ್ತ ತಿರುಗಿದ್ದಕ್ಕೆ, ಸ್ಕೀಮಾ ಬರೆಯದೆ ಜೇಸನ್ ಕಳುಹಿಸಿದರೆ ಸಾಕು ಎಂಬುದೂ ಒಂದು ಕಾರಣ. ಅದೂ ಸೋಲರ್‌ನಂತೆಯೇ ಲೂಸೀನ್ ಎಂಬ ಹುಡುಕಾಟದ ಕೋಡ್ ಲೈಬ್ರರಿಯ ಮೇಲೆ ನಿಂತದ್ದು. ಒಳಗಿನ ಯಂತ್ರ ಒಂದೇ ಆದರೂ ಹೊಸಬರನ್ನು ಬರಮಾಡಿಕೊಂಡ ರೀತಿ ಬೇರೆಯಾಗಿತ್ತು. ಎಲಾಸ್ಟಿಕ್‌ಸರ್ಚ್‌ನಲ್ಲಿ ಪಠ್ಯದ ಮೌಲ್ಯ ಬಂದರೆ ಟೆಕ್ಸ್ಟ್ ಫೀಲ್ಡ್ ಮಾಡಿ, ಜೊತೆಗೆ 256 ಅಕ್ಷರದವರೆಗಿನ ಮೌಲ್ಯಗಳಿಗೆ ಕೀವರ್ಡ್ ಎಂಬ ಉಪಫೀಲ್ಡನ್ನೂ ಸೇರಿಸುತ್ತಾರೆ. ಅಂದರೆ ಮೂಲ ಬರಹದಲ್ಲಿ ಹೇಳಿದಂಥ ಸೊನ್ನೆಗೆ ಉತ್ತರ ಎಷ್ಟೋ ಸಲ ಪಕ್ಕದ ಉಪಫೀಲ್ಡ್‌ನಲ್ಲೇ ಇರುತ್ತದೆ, ಅದು ಅಲ್ಲಿದೆಯೆಂದು ಗೊತ್ತಿರಬೇಕಷ್ಟೇ. ಊಹಿಸಿದ ಕೂಡಲೇ "ಈ ಫೀಲ್ಡನ್ನು ಪೂರ್ಣಾಂಕವೆಂದು ತೆಗೆದುಕೊಂಡಿದ್ದೇನೆ, 1 ದಾಖಲೆ ನೋಡಿ ಹೀಗೆ ಮಾಡಿದ್ದೇನೆ" ಎಂದು ಸರ್ವರ್ ತಿಳಿಸಿದರೆ, ಮುನ್ನೂರು ಸಾಲು ತುಂಬಿಸುವ ಮೊದಲೇ ಜನ ತಿದ್ದಿಕೊಳ್ಳುತ್ತಾರೆ.

ಉತ್ತರ 7: ಸಣ್ಣ ತಂತ್ರಾಂಶಗಳನ್ನು ಬಳಸುವವರು

ಇಷ್ಟೆಲ್ಲ ಕಷ್ಟಪಡುವ ಬದಲು ಹೊಸಬರನ್ನು ಮೇಲಿಸರ್ಚ್ ಅಥವಾ ಟೈಪ್‌ಸೆನ್ಸ್ ಕಡೆಗೆ ಕಳುಹಿಸಬಾರದೇ ಎಂಬುದು ನನ್ನ ಪ್ರಶ್ನೆ. ಮೇಲಿಸರ್ಚ್ ಒಂದೇ ಫೈಲ್, ಜಾವಾ ಬೇಕಿಲ್ಲ. 7700 ಪೋರ್ಟನ್ನು ಬ್ರೌಸರಿನಲ್ಲಿ ತೆರೆದರೆ ಹುಡುಕುವ ಪುಟ ಸಿದ್ಧವಾಗಿರುತ್ತದೆ, ಟೈಪ್ ಮಾಡುತ್ತಿದ್ದಂತೆ ಫಲಿತಾಂಶ ಬರುತ್ತದೆ. ಐದು ಅಕ್ಷರಕ್ಕಿಂತ ಕಡಿಮೆಯಿಲ್ಲದ ಪದದಲ್ಲಿ ಒಂದು ತಪ್ಪನ್ನೂ ಒಂಬತ್ತರಿಂದ ಮೇಲಿನದರಲ್ಲಿ ಎರಡು ತಪ್ಪನ್ನೂ ಅದು ತಾನಾಗಿಯೇ ಸಹಿಸಿಕೊಳ್ಳುತ್ತದೆ. ತಾವು ಹೇಳಿದ ಮೊದಲ ಗಂಟೆಯ ಸಮಾಧಾನ ಅಲ್ಲಿ ಐದು ನಿಮಿಷದಲ್ಲಿ ಸಿಗುತ್ತದೆ.

ಪರವಾನಗಿಯ ಗೊಂದಲದಿಂದಲೂ ಹೊಸಬರು ಪಾರಾಗುತ್ತಾರೆ. 2021ರಲ್ಲಿ ಎಲಾಸ್ಟಿಕ್‌ಸರ್ಚ್ ಪರವಾನಗಿ ಬದಲಿಸಿತು, ಅದೇ ವರ್ಷ ಓಪನ್‌ಸರ್ಚ್ ಕವಲಾಗಿ ಹುಟ್ಟಿತು, 2024ರಲ್ಲಿ ಎಲಾಸ್ಟಿಕ್‌ಸರ್ಚ್ ಎಜಿಪಿಎಲ್ ಎಂಬ ಮುಕ್ತ ಪರವಾನಗಿಯ ಆಯ್ಕೆಯನ್ನು ಸೇರಿಸಿತು. ಎಲಾಸ್ಟಿಕ್‌ಸರ್ಚ್‌ನ ಹೊಸ ಕ್ಲೈಂಟ್ ಲೈಬ್ರರಿಯನ್ನು (ಪ್ರೋಗ್ರಾಂನಿಂದ ಸರ್ವರನ್ನು ಕರೆಯುವ ಕೋಡ್) ಓಪನ್‌ಸರ್ಚ್ ಸರ್ವರಿಗೆ ಜೋಡಿಸಿದರೆ ಆ ಲೈಬ್ರರಿ ನಿರಾಕರಿಸುತ್ತದೆ ಎಂಬುದು ಪಾಠ ನೋಡಿ ಕಲಿಯುವವರಿಗೆ ಹೇಗೆ ಗೊತ್ತಾಗಬೇಕು?

ಉತ್ತರ 8: ಚರ್ಚೆ ಆರಂಭಿಸಿದವರು

ಉತ್ತರ 7ರ ಪ್ರಶ್ನೆ ನ್ಯಾಯವಾದದ್ದು. ಪುಟ್ಟ ವೆಬ್‌ಸೈಟಿಗೆ ಹುಡುಕಾಟ ಬೇಕೆನ್ನುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಬಹಳ ಜನ ಆಯ್ಕೆ ಮಾಡಿಕೊಂಡು ಬರುವುದಿಲ್ಲ. ಅವರ ತಂಡದಲ್ಲಿ ಸೋಲರೋ ಎಲಾಸ್ಟಿಕ್‌ಸರ್ಚೋ ಓಡುತ್ತಿರುತ್ತದೆ, ಅದನ್ನು ನೋಡಿಕೊಳ್ಳುತ್ತಿದ್ದವರು ಬಿಟ್ಟುಹೋಗಿರುತ್ತಾರೆ, ಇವರು ನಾಳೆಯಿಂದ ಅದನ್ನು ಹೊರಬೇಕಾಗಿರುತ್ತದೆ. ಅಂಥವರಿಗೆ ಬೇರೆ ತಂತ್ರಾಂಶದ ಹೆಸರು ಹೇಳಿದರೆ ಉಪಯೋಗವಿಲ್ಲ. ಅಲ್ಲದೆ ಟೈಪ್‌ಸೆನ್ಸ್ ಇಂಡೆಕ್ಸನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ದತ್ತಾಂಶ ಬೆಳೆದಂತೆ ಆ ಲೆಕ್ಕವನ್ನೂ ಹೊಸಬರೇ ಹಾಕಬೇಕು. ಆ ತಂತ್ರಾಂಶಗಳಿಂದ ಕಲಿಯಬೇಕಾದದ್ದು ಬೇರೆ ಇದೆ ಎಂದು ನನಗೆ ತೋರುತ್ತದೆ: ಶುರುವಾದ ಕೂಡಲೇ ಬ್ರೌಸರಿನಲ್ಲಿ ಹುಡುಕಿ ನೋಡುವ ಪುಟ. ನನ್ನ ಸಹೋದ್ಯೋಗಿಗೆ ಅಂಥದ್ದೊಂದು ಇದ್ದಿದ್ದರೆ, ದತ್ತಾಂಶ ಸೇರಿದೆಯೆಂಬುದು ಕಣ್ಣೆದುರೇ ಕಂಡು, ಆ ಮೂರು ಸಲದ ಅಳಿಸುವಿಕೆಯಾದರೂ ತಪ್ಪುತ್ತಿತ್ತು.

ಉತ್ತರ 1ರಲ್ಲಿ ಹೇಳಿದ ಡಿಸ್ಕ್‌ನ ವಿಷಯದಲ್ಲಿ ನನ್ನ ಮೂಲ ಬರಹ ತಪ್ಪಿತ್ತೆಂದು ಒಪ್ಪುತ್ತೇನೆ. ಸರ್ವರ್ ಶುರುವಾಗುವ ಹೊತ್ತಿಗೇ "ನಿಮ್ಮ ಡಿಸ್ಕ್ 96 ಶೇಕಡಾ ತುಂಬಿದೆ, ಈ ಸ್ಥಿತಿಯಲ್ಲಿ ಬರೆಯಲು ಆಗುವುದಿಲ್ಲ" ಎಂದು ಹೇಳುವುದಕ್ಕೂ, ತುಂಬಿಸುವಾಗ ತಡೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ಇದೂ ಸುಳಿವುಗಳ ಜೊತೆಗೇ ಸೇರಲಿ.

ಉತ್ತರ 9: ಕೋಡ್ ಕೊಡುಗೆ ನೀಡುವವರು

ಹಾಗಾದರೆ ನಾನು ಒಂದು ಕರಡು ಸಿದ್ಧಪಡಿಸುತ್ತೇನೆ. ಮೊದಲ ಸುತ್ತಿನಲ್ಲಿ ಮೂರೇ ಸನ್ನಿವೇಶಗಳು ಸಾಕು: ಪಠ್ಯದ ಫೀಲ್ಡ್‌ನಲ್ಲಿ ನಿಖರ ಹೊಂದಿಕೆ ಕೇಳಿದ್ದು, ಇನ್ನೂ ತೆರೆಯದ ದಾಖಲೆಗಳಿರುವುದು, ಹೆಸರು ತಪ್ಪಾಗಿ ಬರೆದು ಇಲ್ಲದ ಫೀಲ್ಡನ್ನೇ ಹುಡುಕಿದ್ದು. ಮೂರನೆಯದರಲ್ಲಿ ಎಲಾಸ್ಟಿಕ್‌ಸರ್ಚ್ ಈಗ ದೋಷವನ್ನೂ ತೋರಿಸದೆ ಸೊನ್ನೆ ಕೊಡುತ್ತದೆ. ಕಲಿಕೆಯ ಸ್ಥಿತಿ ತನ್ನ ಯಂತ್ರದ ಒಳವಿಳಾಸಕ್ಕೆ ಮಾತ್ರ ಉತ್ತರಿಸುವಾಗಷ್ಟೇ ಚಾಲ್ತಿಯಲ್ಲಿರುತ್ತದೆ, ಹೊರಗೆ ತೆರೆದರೆ ತಾನಾಗಿಯೇ ನಿಲ್ಲುತ್ತದೆ. ಉತ್ತರ 4ರ ಆತಂಕಕ್ಕೆ ಇದು ಸಾಕೆಂದು ಭಾವಿಸುತ್ತೇನೆ. ಮೊದಲ ಸುಳಿವಿನ ಮಾತು ಸದ್ಯಕ್ಕೆ ಹೀಗಿದೆ: "ಈ ಕ್ವೆರಿ ಇಡೀ ಮೌಲ್ಯವನ್ನು ಒಂದೇ ಟೋಕನ್ ಆಗಿ ಹುಡುಕಿದೆ, ಆದರೆ ಫೀಲ್ಡ್ ಅನಲೈಜರ್ ಮೂಲಕ ಹಾದು ಬಿಡಿ ಟೋಕನ್‌ಗಳಾಗಿದೆ."

ಉತ್ತರ 10: ಆರು ತಿಂಗಳಿಂದ ಕಲಿಯುತ್ತಿರುವವರು

ಇದನ್ನು ಪರೀಕ್ಷಿಸಲು ನನ್ನ ಹಳೆಯ ತಪ್ಪು ಕಮಾಂಡ್‌ಗಳನ್ನೆಲ್ಲ ಒಂದು ಫೈಲಿನಲ್ಲಿ ಉಳಿಸಿಕೊಂಡಿದ್ದೇನೆ, ಕಳುಹಿಸಿಕೊಡುತ್ತೇನೆ. ಒಟ್ಟು ನಲವತ್ತೊಂದು ಇವೆ.

ಉತ್ತರ 11: ಚರ್ಚೆ ಆರಂಭಿಸಿದವರು

ಕರಡಿನ ಆ ವಾಕ್ಯವನ್ನು ನಿನ್ನೆ ಸಂಜೆ ಅದೇ ಸಹೋದ್ಯೋಗಿಗೆ ಏನನ್ನೂ ವಿವರಿಸದೆ ತೋರಿಸಿದೆ. ಅವರು ಎರಡು ಸಲ ಓದಿ, "ಯಾವ ಫೀಲ್ಡ್?" ಎಂದು ಕೇಳಿದರು. ಆಮೇಲೆ "ಟೋಕನ್ ಎಂದರೆ ಲಾಗಿನ್‌ಗೆ ಬಳಸುವುದೇ?" ಎಂದರು. ಆದ್ದರಿಂದ ಫೀಲ್ಡ್‌ನ ಹೆಸರನ್ನು ವಾಕ್ಯದ ಮೊದಲಿಗೇ ತಂದು, ಟೋಕನ್ ಎಂಬ ಪದವನ್ನು ಬಿಟ್ಟು, ಅವರ ಜೊತೆ ಕುಳಿತು ಹೀಗೆ ಬದಲಿಸಿದ್ದೇನೆ: "ವರ್ಗ ಎಂಬ ಫೀಲ್ಡ್‌ನಲ್ಲಿ ಮೌಲ್ಯಗಳು ಬಿಡಿ ಪದಗಳಾಗಿ ಸೇರಿವೆ, 'ವಿಜ್ಞಾನ ಲೇಖನ' ಎಂಬುದು ಒಂದೇ ಪದವಾಗಿ ಇಲ್ಲ. ಇಡೀ ಮೌಲ್ಯವನ್ನು ಹುಡುಕಲು ಇದೇ ಫೀಲ್ಡ್‌ನ ಕೀವರ್ಡ್ ರೂಪವನ್ನು ಬಳಸಿ." ಇದನ್ನು ಓದಿದ ಮೇಲೆ ಅವರು ಏನನ್ನೂ ಕೇಳದೆ ಕ್ವೆರಿ ತಿದ್ದಿದರು. ಹದಿನೇಳು ಪುಸ್ತಕಗಳು ಬಂದವು.